ಎರಡನೇ ಕೊಡಕ್ಕೆ ಆರುವ ಬೆಂಕಿ

“ಅಜ್ಜಾರೇ, ಧ್ಯಾನಕ್ಕೆ ಕೂತ ಸ್ವಲ್ಪ ಹೊತ್ತಿಗೇ ಎದೆಯೊಳಗೆ ಏನೋ ಕಸಿವಿಸಿ ಎದ್ದು ನನ್ನನ್ನು ಎಬ್ಬಿಸಿಬಿಡುತ್ತದೆ. ಅದನ್ನು ಅಡಗಿಸುವ ಮಂತ್ರವೊಂದನ್ನು ಕೊಡಿ” ಎಂದು ಚನ್ನವೀರ ಕೇಳಿದ. ಮನೆಯವರು ಕೂಗಿ ಕರೆದರೂ ತಿರುಗಿ ನೋಡದೆ ಅವನು ಮನೆ ಬಿಟ್ಟು ಮಠಕ್ಕೆ ಬಂದು ಮೂರು ವರ್ಷವಾಗಿತ್ತು.

ಸುತ್ತಲಿನ ಊರವರೆಲ್ಲ ಅಜ್ಜನವರೆಂದು ಕರೆಯುವ ಆ ಮಠದ ಗುರುಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದರು. “ಕೂಡು ತಮ್ಮಾ. ಮಂತ್ರಕ್ಕೇನು ಅವಸರ? ಒಬ್ಬ ವ್ಯಾಪಾರಿಯ ಕತೆ ಇದೆ, ಅದನ್ನು ಕೇಳು” ಎಂದು ಹೇಳತೊಡಗಿದರು.

ಒಬ್ಬ ಅರಿವೆ ವ್ಯಾಪಾರಿ ಇದ್ದ. ಕೆಟ್ಟವನೇನಲ್ಲ. ಯಾರು ಏನು ಹೇಳಿದರೂ ಕೇಳುತ್ತಿದ್ದ, ಆದರೆ ತನಗೆ ಬೇಕಾದಷ್ಟನ್ನು ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿದ್ದ. ಅಂಥವರು ಮಠದಲ್ಲೂ ಸಿಗುತ್ತಾರೆ, ಬಿಡು. ಅವನ ತಾಯಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೀರಿಕೊಂಡಿದ್ದಳು. ವರ್ಷ ತುಂಬಿದ ಮೇಲೆ ಅವನು ಅಲ್ಲಿದ್ದ ಹಳೆಯ ಒಲೆಯನ್ನೂ ಹಂಡೆಯನ್ನೂ ಕೀಳಿಸಿ, ಗೋಡೆಗೆ ಗ್ಯಾಸಿನ ಬಾಯ್ಲರ್ ಹಾಕಿಸಿದ. ಸಿಲಿಂಡರ್ ಗೋಡೆಯಾಚೆ ಹಿತ್ತಲಲ್ಲಿತ್ತು. ಹೊಗೆ ಹೊರಗೆ ಹೋಗಲು ಒಂದು ಕೊಳವೆ ಇತ್ತು. ನಲ್ಲಿ ತಿರುಗಿಸಿದರೆ ಬೆಂಕಿ ತಾನೇ ಹೊತ್ತಿಕೊಳ್ಳುತ್ತಿತ್ತು, ಬಿಸಿನೀರು ಬರುತ್ತಿತ್ತು.

ಆರು ತಿಂಗಳು ಏನೂ ತೊಂದರೆಯಾಗಲಿಲ್ಲ. ಆಮೇಲೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೂ ಕೂಸಿಗೂ ಎರೆಯುವ ಕೆಲಸವನ್ನು ವ್ಯಾಪಾರಿಯ ಹೆಂಡತಿ ತಾನೇ ಹಿಡಿದಳು. ಬಾಣಂತಿಗೆ ಶೀತ ತಾಕಬಾರದಲ್ಲ, ಅದಕ್ಕೆ ವ್ಯಾಪಾರಿ ಅಂಗಡಿಯಿಂದ ಅರಿವೆಯ ತುಂಡುಗಳನ್ನು ತಂದು ಬಚ್ಚಲ ಕಿಟಕಿಗೆ ತುರುಕಿದ. ನೆಲದ ಹತ್ತಿರ ಗಾಳಿಗೆಂದು ಬಿಟ್ಟಿದ್ದ ಜಾಲಿಗೂ ತುರುಕಿದ. ಬಾಗಿಲ ಕೆಳಗಿನ ಸಂದಿಗೆ ಒತ್ತಿಕೊಳ್ಳಲು ಒಂದು ಹಳೆಯ ಕಂಬಳಿ ಕೊಟ್ಟ. ಮಗಳೆಂದರೆ ಅವನಿಗೆ ಅಷ್ಟು ಜೀವ.

ಮರುದಿನದಿಂದ ಬೆಂಕಿ ಆರತೊಡಗಿತು. ಮೊದಲ ಕೊಡ ತುಂಬುವವರೆಗೆ ಉರಿಯುತ್ತಿತ್ತು. ಎರಡನೆಯದು ಅರ್ಧವಾಗುವಷ್ಟರಲ್ಲಿ ಟಕ್ಕೆಂದು ಆರುತ್ತಿತ್ತು. ಊದಿದವರಿಲ್ಲ, ಮುಟ್ಟಿದವರಿಲ್ಲ. ಹೆಂಡತಿ ಬಾಗಿಲು ತೆರೆದು ಹೊರಗೆ ಬಂದು, ಒಂದಿಷ್ಟು ಬೈದು ಒಳಗೆ ಹೋದರೆ ಮತ್ತೆ ಹೊತ್ತುತ್ತಿತ್ತು, ಮತ್ತೆ ಆರುತ್ತಿತ್ತು. ನಾಲ್ಕನೇ ದಿನ ಅವಳು ಗಂಡನ ಕಿವಿಯಲ್ಲಿ, “ನಿಮ್ಮ ತಾಯಿ ಬಿದ್ದ ಜಾಗ ಅದು. ಒಲೆ ಕೀಳಿಸಿದ್ದಕ್ಕೆ ಅವರಿಗೆ ಸಿಟ್ಟು. ಹೊಸ ಬೆಂಕಿಯನ್ನು ಉರಿಯಗೊಡುತ್ತಿಲ್ಲ” ಎಂದಳು. ತಾನೂ ಅದನ್ನೇ ಅಂದುಕೊಂಡಿದ್ದನೆಂದು ವ್ಯಾಪಾರಿ ಹೇಳಲಿಲ್ಲ.

ಆದರೂ ರಿಪೇರಿಯವನನ್ನು ಕರೆಸಿದ. ಬಂದವನು ಮಾತು ಕಡಿಮೆಯ ಮುದುಕ. ಗ್ಯಾಸು ನೋಡಿದ, ನೀರಿನ ರಭಸ ನೋಡಿದ, ಹಿತ್ತಲಿಗೆ ಹೋಗಿ ಕೊಳವೆಯ ಬಾಯಿ ನೋಡಿದ. ಎಲ್ಲ ಸರಿಯಾಗಿತ್ತು. ಆಮೇಲೆ ಕಿಟಕಿಯ ಅರಿವೆ ಕಿತ್ತು ನಲ್ಲಿ ತಿರುಗಿಸಿದ. ನಾಲ್ಕು ಕೊಡ ತುಂಬಿದರೂ ಬೆಂಕಿ ಆರಲಿಲ್ಲ. ಅರಿವೆಯನ್ನು ಮೊದಲಿನಂತೆ ತುರುಕಿ, ಬಾಗಿಲು ಎಳೆದುಕೊಂಡು ನೋಡಿದ. ಎರಡನೇ ಕೊಡಕ್ಕೆ ಆರಿತು.

“ಸಾವಕಾರ್ರೇ, ಬಾಯ್ಲರ್ ಕೆಟ್ಟಿಲ್ಲ” ಎಂದ ಮುದುಕ. “ಬೆಂಕಿಗೂ ಉಸಿರು ಬೇಕು. ಗಾಳಿ ಸಾಲದೆ ಉರಿದರೆ ಅದು ವಿಷ ಕಾರುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಬಾರದೆಂದು ಒಳಗೊಂದು ಕಾವಲು ಇಟ್ಟಿದ್ದಾರೆ. ಬೆಂಕಿ ಆರಿಸುತ್ತಿರುವುದು ಅದೇ. ಕಿಟಕಿ ತೆರೆಯಿರಿ, ಜಾಲಿ ತೆರೆಯಿರಿ.”

“ಬಾಣಂತಿಗೆ ಶೀತವಾದರೆ ನೀನು ಬಂದು ನೋಡಿಕೊಳ್ಳುತ್ತೀಯೇನಯ್ಯ? ಆ ಕಾವಲನ್ನೇ ತೆಗೆದುಹಾಕು.”

“ಅದಕ್ಕೆ ನಾನು ಕೈ ಹಚ್ಚುವುದಿಲ್ಲ. ನೀವೂ ಹಚ್ಚಬೇಡಿ. ಕಿಟಕಿ ತೆರೆಯಲು ಮನಸ್ಸಿಲ್ಲದಿದ್ದರೆ ಅಡುಗೆಮನೆಯಲ್ಲಿ ನೀರು ಕಾಯಿಸಿಕೊಳ್ಳಿ” ಎಂದು ಮುದುಕ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ.

ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ತನ್ನ ಮನೆಯಲ್ಲಿ ತನಗೇ ಬುದ್ಧಿ ಹೇಳಿ ಹೋದನಲ್ಲ ಎಂದು. ಮಾತಾಡುವಾಗ ಮುದುಕನ ಕಣ್ಣು ಬಾಯ್ಲರಿನ ಯಾವ ಕಡೆ ಹೋಯಿತೆಂದು ಅವನು ನೋಡಿಟ್ಟುಕೊಂಡಿದ್ದ. ಅದೇ ಮಧ್ಯಾಹ್ನ ಮುಚ್ಚಳ ಬಿಚ್ಚಿ, ಆ ಕಾವಲಿನ ಬಾಯಿ ಕಟ್ಟಿದ. ಹೆಂಡತಿಯ ಸಮಾಧಾನಕ್ಕೆ ಮಂತ್ರವಾದಿಯನ್ನೂ ಕರೆಸಿ ಬಚ್ಚಲ ಹೊಸ್ತಿಲಿಗೆ ಮೊಳೆ ಹೊಡೆಸಿದ. ಹೆತ್ತ ತಾಯಿ ಮನೆಯೊಳಗೆ ಕಾಲಿಡಬಾರದೆಂದು ಮಗ ಹೊಡೆಸಿದ ಮೊಳೆ ಅದು, ತಮ್ಮಾ.

ಮರುದಿನ ಬೆಂಕಿ ಆರಲಿಲ್ಲ. ಎಂಟು ದಿನ ಆರಲಿಲ್ಲ. ಹೆಂಡತಿ ಮೊಳೆಯನ್ನು ಹೊಗಳಿದಳು. ವ್ಯಾಪಾರಿ ಒಳಗೊಳಗೇ ತನ್ನ ಕೈಯನ್ನು ಹೊಗಳಿಕೊಂಡ. ಹೆಂಡತಿಗೆ ಬೆಳಿಗ್ಗೆ ಬೆಳಿಗ್ಗೆ ತಲೆ ಸಿಡಿಯತೊಡಗಿತು. ಬಚ್ಚಲಿಂದ ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಬಿಡುತ್ತಿತ್ತು. ನಿದ್ದೆ ಸಾಲದೆ ಹೀಗೆ ಎಂದಳು. ಕೂಸು ಮಾತ್ರ ಎರೆದ ಮೇಲೆ ಒಂದಿಷ್ಟೂ ಅಳದೆ ಮಲಗಿಬಿಡುತ್ತಿತ್ತು. ಎಂಥ ಒಳ್ಳೆಯ ಕೂಸು ಎಂದು ನೋಡಲು ಬಂದವರೆಲ್ಲ ಹೇಳಿದರು.

ಒಂಬತ್ತನೇ ದಿನ ಮಗಳು ಬಚ್ಚಲಿಂದ ಬಂದವಳೇ, “ಅಪ್ಪಾ, ಅಜ್ಜಿ ಒಳಗಿದ್ದಾಳೆ” ಎಂದಳು. ಹೆದರಿದವಳ ದನಿಯಲ್ಲ, ನಿದ್ದೆಗಣ್ಣಿನವಳ ದನಿ. ಅಲ್ಲಿ ಏನು ಮಾಡುತ್ತಿದ್ದಾಳೆ ಎಂದು ವ್ಯಾಪಾರಿ ಕೇಳಿದ. ಕಿಟಕಿಯ ಅರಿವೆ ಎಳೆಯುತ್ತಿದ್ದಾಳೆ, ಅದು ಬರುತ್ತಿಲ್ಲ ಎಂದಳು. ವ್ಯಾಪಾರಿ ಮಂತ್ರವಾದಿಯನ್ನು ಕರೆಸಿ ಎರಡನೇ ಮೊಳೆ ಹೊಡೆಸಿದ. ಅರಿವೆ ಕಿತ್ತು ಬರಬಾರದೆಂದು ಕಿಟಕಿಗೆ ಇನ್ನೊಂದು ಪದರ ಜಡಿದ.

ಹತ್ತನೇ ದಿನ ಬೆಳಿಗ್ಗೆ ಹೆಂಡತಿ ಕೂಸಿಗೆ ಎರೆದು, ಅವನ ಕೈಗೆ ಕೊಟ್ಟು, ಮಗಳಿಗೆ ಎರೆಯಲು ಬಾಗಿಲು ಹಾಕಿಕೊಂಡಳು. ಅವನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಚ್ಚಲ ಮುಂದೆ ಕೂತ. ಒಳಗೆ ನೀರು ಬೀಳುತ್ತಿತ್ತು. ಬಾಯ್ಲರ್ ಗುಂಯ್‌ಗುಡುತ್ತಿತ್ತು. ಬೆಂಕಿ ಆರಿಲ್ಲವೆಂದು ಅವನಿಗೆ ನೆಮ್ಮದಿ. ಬಹಳ ಹೊತ್ತಾಯಿತು. ನೀರು ಬೀಳುತ್ತಲೇ ಇತ್ತು. ಆದರೆ ಅದು ಮೈಮೇಲೆ ಬೀಳುವ ಸದ್ದಲ್ಲ, ಬರಿಯ ನೆಲದ ಮೇಲೆ ಬೀಳುವ ಸದ್ದು. ಅವನು ಹೆಂಡತಿಯನ್ನು ಕೂಗಿದ. ಮಗಳನ್ನು ಕೂಗಿದ. ಯಾರೂ ಓಗೊಡಲಿಲ್ಲ. ತೊಡೆಯ ಮೇಲಿನ ಕೂಸನ್ನು ನೋಡಿದ. ಅದರ ತುಟಿ ಕುಂಕುಮ ಸವರಿದಷ್ಟು ಕೆಂಪಾಗಿತ್ತು. ಕೆನ್ನೆ ತಟ್ಟಿದರೂ ಕಣ್ಣು ಬಿಡಲಿಲ್ಲ.

ಮುದುಕ ಹೇಳಿದ್ದೆಲ್ಲ ಅವನಿಗೆ ಆಗ ಒಮ್ಮೆಗೇ ಕೇಳಿಸಿತು. ಕೂಸನ್ನು ಅಂಗಳದ ಬಯಲಿಗೆ ಒಯ್ದು, ನೆರೆಯವರನ್ನು ಕೂಗಿ ಅವರ ಕೈಗೆ ಹಾಕಿದ. ಹಿತ್ತಲಿಗೆ ಓಡಿ ಸಿಲಿಂಡರ್ ಬಂದ್ ಮಾಡಿದ. ಹೊರಗಿನಿಂದಲೇ ಕಿಟಕಿಯ ಅರಿವೆ ಕಿತ್ತು ಎಸೆದ. ಬಾಗಿಲು ಒದ್ದು ಮುರಿದು, ಉಸಿರು ಬಿಗಿಹಿಡಿದು ಇಬ್ಬರನ್ನೂ ಹೊರಗೆಳೆದ. ಮಗಳು ಬಾಗಿಲ ಹತ್ತಿರ ಬಿದ್ದಿದ್ದಳು. ಹೆಂಡತಿ ಬಾಯ್ಲರಿನ ಕೆಳಗೆ ಬಿದ್ದಿದ್ದಳು.

ಮಗಳನ್ನೂ ಕೂಸನ್ನೂ ಆಸ್ಪತ್ರೆಯವರು ಉಳಿಸಿಕೊಟ್ಟರು. ಹೆಂಡತಿ ಉಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನ ವ್ಯಾಪಾರಿ ಬಚ್ಚಲ ಹೊಸ್ತಿಲಲ್ಲಿ ಕೂತು, ಉಗುರು ಕಿತ್ತು ರಕ್ತ ಬಂದರೂ ಬಿಡದೆ, ಆ ಎರಡು ಮೊಳೆಗಳನ್ನು ಬರಿಗೈಯಲ್ಲಿ ಎಳೆದು ತೆಗೆದ. “ಅವ್ವಾ, ನೀನು ಹೇಳಿದೆ. ನಾನು ಕೇಳಲಿಲ್ಲ” ಎಂದು ಸಣ್ಣ ಮಗುವಿನ ಹಾಗೆ ಅತ್ತ. ಹೇಳಿದ್ದು ಅವನ ತಾಯಿಯೋ, ಬಾಯ್ಲರೋ, ಆ ಮುದುಕನೋ, ಯಾರಾದರೇನು ತಮ್ಮಾ, ಮೂವರೂ ಹೇಳಿದ್ದು ಒಂದೇ ಮಾತು.

ಅಜ್ಜನವರು ಕತೆ ನಿಲ್ಲಿಸಿದರು. ಚನ್ನವೀರ ಮೆಲ್ಲಗೆ, “ಹಾಗಾದರೆ ಮಂತ್ರ ಕೊಡುವುದಿಲ್ಲವೇ, ಅಜ್ಜಾರೇ?” ಎಂದ.

“ಕೊಡುತ್ತೇನೆ. ನೀನು ಮಠಕ್ಕೆ ಹೊರಟ ದಿನ ಬಾಗಿಲಲ್ಲಿ ನಿಂತು ನಿನ್ನನ್ನು ಕೂಗಿದವರ ಹೆಸರು ಮೊದಲು ಹೇಳು.”