ಹಲಸಂದೆ ಕಾಳಿನಷ್ಟು ಗುಂಡು

ಹೊಂಗೆಹಳ್ಳದ ಪಾಳೆಯಗಾರ ರಾಚನಾಯಕನಿಗೆ ಪರಂಗಿ ವ್ಯಾಪಾರಿಯೊಬ್ಬ ಕೋವಿ ಕೊಟ್ಟ. ಮೊಲ, ಕಾಡುಕೋಳಿ ಹೊಡೆಯುವ ಸಣ್ಣ ಕೋವಿ. ಅದರ ಗುಂಡು ಹಲಸಂದೆ ಕಾಳಿನಷ್ಟಿತ್ತು.

"ಇದರಲ್ಲೇ ಕಡವೆ ಕೆಡವುತ್ತೇನೆ," ಎಂದ ನಾಯಕ.

ಸಭೆ ತಲೆಯಾಡಿಸಿತು. ಸಭೆಯ ಕೆಲಸವೇ ಅದು.

ಮರುದಿನ ಕಾಡಿನಲ್ಲಿ ಎತ್ತಿನಷ್ಟು ದೊಡ್ಡ ಗಂಡು ಕಡವೆ ಸಿಕ್ಕಿತು. ನಾಯಕ ಹೊಡೆದ. ಕಡವೆ ಮೈ ಕೊಡವಿತು, ಇತ್ತ ತಿರುಗಿ ನೋಡಿತು, ಪೊದೆಯೊಳಗೆ ಹೋಯಿತು.

"ಸತ್ತಿತು," ಎಂದ ನಾಯಕ. "ಜವರ, ಹೊತ್ತು ತಾ."

ಜವರ ಹೆಜ್ಜೆ ಗುರುತು ಹಿಡಿದು ಪ್ರಾಣಿ ಹುಡುಕುವವನು. ಸಂಜೆ ಬರಿಗೈಯಲ್ಲಿ ಬಂದ. ಮೈಯೆಲ್ಲ ಮುಳ್ಳು ಗೀರಿತ್ತು.

"ಒಂದಷ್ಟು ದೂರ ರಕ್ತದ ಹನಿ ಸಿಕ್ತು ಬುದ್ಧಿ. ಆಮೇಲೆ ಅದೂ ಇಲ್ಲ. ಈ ಗುಂಡು ಮೊಲಕ್ಕೆ ಸರಿ. ಕಡವೆ ನೋವು ತಿಂದ್ಕೊಂಡು ಓಡ್ತದೆ. ಎಲ್ಲೋ ನರಳ್ತಾ ಇರ್ತದೆ."

"ಗಾತ್ರದಲ್ಲಿ ಏನಿದೆಯೋ? ಸರಿಯಾದ ಜಾಗಕ್ಕೆ ಬಿದ್ದರೆ ಸಾಕು. ನಾನು ಹೊಡೆದ ಮೇಲೆ ಅದು ಸತ್ತಿದೆ. ನೀನು ಸರಿಯಾಗಿ ಹುಡುಕಿಲ್ಲ, ಅಷ್ಟೆ. ನಾಳೆ ಹೊತ್ತು ಮುಳುಗುವುದರೊಳಗೆ ತರದಿದ್ದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೀಮೆ ಬಿಟ್ಟು ಹೋಗು."

ಜವರ ನೇರ ಅಡುಗೆಮನೆಗೆ ಹೋದ. ನಾಯಕನ ಊಟದ ಉಸ್ತುವಾರಿ ಸಿಂಗ್ರಯ್ಯನದು. ಸಭೆಯಲ್ಲಿ ತಲೆಯಾಡಿಸದೆ ಕೂತವನು ಅವನೊಬ್ಬನೇ.

ಎಲ್ಲ ಕೇಳಿಸಿಕೊಂಡು ಸಿಂಗ್ರಯ್ಯ ಹೇಳಿದ, "ನಾಳೆ ನಾಯಕರನ್ನೂ ಕರೆದುಕೊಂಡು ಹೋಗು. ಚೆನ್ನಾಗಿ ನಡೆಸು."

"ಕಡವೆ ಸಿಗಾಕಿಲ್ಲ ಅಯ್ಯಾ."

"ಗೊತ್ತು. ಹಸಿವು ಸಿಗುತ್ತದೆ."

ಸಿಕ್ಕಿತು. ಮರುದಿನ ಮಧ್ಯಾಹ್ನ ಇಳಿದ ಮೇಲೆ ನಾಯಕ ಕಾಡೆಲ್ಲ ಸುತ್ತಿ ಬರಿಗೈಯಲ್ಲಿ ಕಾಲೆಳೆಯುತ್ತ ಬಂದು ಊಟಕ್ಕೆ ಕೂತ. ಹಿಂದೆ ಜವರ ನಿಂತ. ಸಿಂಗ್ರಯ್ಯ ಬೆಳ್ಳಿ ತಟ್ಟೆ ತಂದಿಟ್ಟ. ಅಗಲವಾದ ತಟ್ಟೆ. ನಟ್ಟನಡುವೆ ಹಲಸಂದೆ ಕಾಳಿನಷ್ಟು ರಾಗಿಮುದ್ದೆ. ಪಕ್ಕದಲ್ಲಿ ಒಂದು ತೊಟ್ಟು ಸಾರು.

"ಏನಯ್ಯಾ ಇದು?"

"ಮುದ್ದೆ, ಪ್ರಭು."

"ಇಷ್ಟೇನಾ?"

"ಗಾತ್ರದಲ್ಲಿ ಏನಿದೆ ಪ್ರಭು? ಸರಿಯಾದ ಜಾಗಕ್ಕೆ ಬಿದ್ದರೆ ಸಾಕು."

ನಾಯಕ ಅವನನ್ನು ದಿಟ್ಟಿಸಿ ನೋಡಿದ. ಮುದ್ದೆ ನುಂಗಿದ.

"ಬಿತ್ತೇ, ಪ್ರಭು?"

"ಬಿತ್ತು. ಹಸಿವು ಹಾಗೇ ಇದೆ."

"ಇರಲಾರದು. ಸತ್ತಿದೆ. ಒಳಗೆಲ್ಲೋ ಬಿದ್ದುಕೊಂಡಿರಬೇಕು."

"ನನ್ನ ಹಸಿವು ನನಗೆ ಗೊತ್ತಿಲ್ಲವೇನಯ್ಯಾ? ಬದುಕಿದೆ! ಹೊಟ್ಟೆ ತುಂಬ ಓಡಾಡುತ್ತಿದೆ!"

"ಹಾಗಾದರೆ ಜವರನನ್ನು ಒಳಗೆ ಇಳಿಸೋಣ ಪ್ರಭು. ಹುಡುಕಲಿ. ಹೊತ್ತು ಮುಳುಗುವುದರೊಳಗೆ ಅದರ ಹೆಣ ತರದಿದ್ದರೆ ಸೀಮೆ ಬಿಟ್ಟು ಹೋಗಲಿ."

ಜವರ ನಾಯಕನ ಹೊಟ್ಟೆ ನೋಡಿದ. ಆಮೇಲೆ ನೆಲ ನೋಡಿದ.

ಮೊದಲು ನಾಯಕನ ಮೀಸೆ ಅಲುಗಿತು. ಆಮೇಲೆ ತಟ್ಟೆ ಅಲುಗುವಷ್ಟು ನಕ್ಕ.

"ಜವರ, ಎಲ್ಲಿಗೂ ಹೋಗಬೇಡ. ಆ ಕೋವಿ ಮೊಲಕ್ಕಿರಲಿ. ನಾಳೆ ದೊಡ್ಡ ಕೋವಿ ಹಿಡಿದು ಇಬ್ಬರೂ ಹೋಗೋಣ. ಆ ಕಡವೆಯ ನರಳಾಟ ಮುಗಿಸಬೇಕು." ಸಿಂಗ್ರಯ್ಯನ ಕಡೆ ತಿರುಗಿದ. "ಸರಿಯಾದ ಮುದ್ದೆ ತಾರಯ್ಯ. ಜವರನಿಗೂ ಹಾಕು."

ತೆಂಗಿನಕಾಯಿಯಷ್ಟು ದಪ್ಪ ಮುದ್ದೆಗಳು ಬಂದವು. ನಾಯಕನ ಹಸಿವು ಒಂದೇ ಏಟಿಗೆ ಬಿತ್ತು.

ಜವರನ ಹಸಿವಿಗೆ ಎರಡು ಬೇಕಾಯಿತು.