ಸತ್ತ ಚುಕ್ಕಿಗೊಂದು ಪಟ

ಭಾಳ ಹಿಂದ, ಬಯಲುಸೀಮಿಯ ಒಂದೂರಾಗ, ಪಟದ ಯಮನಪ್ಪ ಅಂತ ಒಬ್ಬ ದೊಡ್ಡ ಬಿಳಿ ಮೀಸಿಯಾಂವ ಇದ್ದನಂತ. ಯಾವ ಕಾಲ ಅಂತ ಕೇಳಬ್ಯಾಡ್ರಿ. ಊರಿಗೆ ಕರೆಂಟ್ ಬಂದು ಮಂದಿ ಬೆರಗು ಇನ್ನಾ ಇಳಿದಿರಲಿಲ್ಲ, ಅಷ್ಟು ತಿಳ್ಕೊಳ್ರಿ. ಸತ್ತವರನ್ನ ಕುರ್ಚಿ ಮ್ಯಾಲ ಕುಂಡ್ರಿಸಿ, ಹಾರ ಹಾಕಿ, ಸುತ್ತ ಮನಿಮಂದಿ ನಿಲ್ಲಿಸಿ ಫೋಟೋ ಹೊಡಿಯೂದು ಈತನ ಕಸಬು. ಹೆಸರೂ ಯಮನಪ್ಪ, ಕಸಬೂ ಇಂಥಾದ್ದು! ಈತ ಕ್ಯಾಮರಾ ಪೆಟ್ಟಿಗಿ ಹೊತ್ಕೊಂಡು ಓಣಿ ಹೊಕ್ಕನಂದ್ರ, ಹಾಸಿಗಿ ಹಿಡಿದ ಮುದುಕ್ರು ಧಡಕ್ಕನ ಎದ್ದು ಕುಂತು, ನನಗೇನೂ ಆಗಿಲ್ಲೋ ಮಾರಾಯಾ ಅಂತಿದ್ರಂತ.

ಆದ್ರ ಒಳ್ಳೆ ಜೀವ. ಸಣ್ಣಾಂವ ಇದ್ದಾಗ ಅವ್ವ ತೀರಿಕೊಂಡಿದ್ಲು, ಆಕಿದೊಂದು ಪಟ ಇರಲಿಲ್ಲ. ಅವ್ವನ ಮಾರಿ ನೆನಪು ಮಾಡ್ಕೊಳ್ಳಾಕ ಹೋಗಿ, ಅದು ಕಣ್ಣಿಗೆ ಬರಲಾರದ ಅಳತಿದ್ದನಂತ. ಹಂಗಾಗಿ ತನ್ನ ಕಣ್ಣ ಮುಂದ ಒಂದು ಜೀವಾನೂ ಪಟ ಇಲ್ಲದ ಹೋಗಬಾರದು ಅಂತ ಆಣಿ ಮಾಡಿದ್ದ. ದಿಕ್ಕಿಲ್ಲದ ಭಿಕ್ಷುಕ ಸತ್ರೂ ತಾನ ಹಾರ ತಂದು ಪಟ ತಗಿತಿದ್ದ.

ಆ ಊರ ಸಾಲಿ ಮಾಸ್ತರನ ಹತ್ರ ಒಂದು ದುರ್ಬೀನ ಇತ್ತು. ಒಂದಿನ ಹೊತ್ತು ಮುಳುಗಿದ ಮ್ಯಾಲ ಆತ ಯಮನಪ್ಪನ್ನ ಕರದು, ಆಕಾಶದಾಗ ಮಿರಗ ನಕ್ಷತ್ರದ ಸೀಮಿಯೊಳಗ ಒಂದು ಮಸುಕು ತೋರಿಸಿದ. ಅಲ್ಲೊಂದು ದೊಡ್ಡ ಚುಕ್ಕಿ ಸಿಡಿದು ಸತ್ತೈತಿ, ಉಳಿದದ್ದು ಅದರ ಹೊಗಿ ಅಷ್ಟ, ಅದೂ ದಿನಾ ಹಬ್ಬಿಕೋಂತ ಹೊಂಟೈತಿ ಅಂದ. ಯಮನಪ್ಪ ಕ್ಯಾಮರಾ ತರಾಕ ಮನಿಗೆ ಓಡಿದ. ಸತ್ತೈತಿ, ಪಟ ತಗದಿಲ್ಲ, ಮ್ಯಾಲ ಕೆಡಾಕ ಹತ್ತೈತಿ! ನಾಳಿತನಕ ಇಡಾಕ ಬರೂದಿಲ್ಲ ಅಂತ ತಾನ ತಿಳ್ಕೊಂಡ. ಎಷ್ಟು ದಿನ ಇರ್ತೈತಿ ಅಂತ ಒಂದು ಮಾತು ಕೇಳಬಾರದೇನು? ಕೇಳಲಿಲ್ಲ, ಅವಸರದ ಮನಷ್ಯಾ.

ದುರ್ಬೀನಿಗೆ ಕ್ಯಾಮರಾ ಬಿಗಿದು ನೋಡಿದ್ರ, ಬೀದಿ ದೀಪದ ಬೆಳಕಿಗೆ ಆಕಾಶೆಲ್ಲಾ ಬೆಳ್ಳಗ. ದೀಪ ಆರಿಸಬೇಕು. ಆ ದೀಪ ಊರಿಗೆ ತಂದಾಂವ ದ್ಯಾವನಗೌಡ, ಕಂಬ ಕಂಬಕ್ಕೂ ಕುಂಕುಮ ಹಚ್ಚಿಸಿದಾಂವ. ಆತ ಸುತರಾಂ ಒಪ್ಪಲಿಲ್ಲಂತ. ಊರಾಗ ಸಾವಾದ್ರ ಒಲಿ ಹಚ್ಚೂದಿಲ್ಲ, ಖರೆ. ಆದ್ರ ಇದು ಆಕಾಶದಾಗ ಸತ್ತದ್ದು, ಇದಕ್ಕ ಯಾರು ಅಣ್ಣತಮ್ಮಂದಿರು, ಯಾರು ಮಕ್ಕಳು ಅಂದ. ಯಮನಪ್ಪ ಗೌಡನ ಕಟ್ಟಿ ಮ್ಯಾಲ ಕುಂತು, ನಾಕು ಮಂದಿ ಮುಂದ ಗಳಗಳ ಅತ್ತನಂತ. ದಿಕ್ಕಿಲ್ಲದ ಹೆಣ ಆಗಿ ಹೋಗ್ತೈತಲ್ರಿ ಗೌಡ್ರ ಅಂದನಂತ.

ಆಗ ಬಂದ್ಲು ನೋಡ್ರಿ ಸೂಲಗಿತ್ತಿ ಫಕೀರವ್ವ. ಅರ್ಧ ಊರು ಆಕಿ ಕೈಯಾಗ ಹುಟ್ಟಿದ್ದು, ಗೌಡಗ ಅಂಜುವಾಕಿ ಅಲ್ಲ. ಸತ್ತದ್ದು ಯಾವ ನಕ್ಷತ್ರದಾಗ ಅಂತ ಅಲ್ಲೆ ನಿಂತಿದ್ದ ಮಾಸ್ತರನ್ನ ಕೇಳಿದ್ಲು. ಮಿರಗದಾಗ ಅಂದ. ಹಂಗಾರ ಮಿರಗದಾಗ ಹುಟ್ಟಿದವ್ರೆಲ್ಲಾ ಅದರ ಅಣ್ಣತಮ್ಮಂದಿರು ಅಂತ ತೀರ್ಪು ಕೊಟ್ಟು, ಗೌಡನ ಕಡೆ ತಿರುಗಿದ್ಲು.

"ಯಪ್ಪಾ ದ್ಯಾವನಗೌಡ, ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಾನ. ನೀ ಹುಟ್ಟಿದ್ದು ಮಿರಗದಾಗ. ನಿನ್ನ ಮನಿ ಸಾವಿಗೆ ನೀನ ಝಗಝಗ ದೀಪ ಹಚ್ಕೊಂಡು ಕುಂತೀಯಲ್ಲೋ, ನೋಡಿದ ಮಂದಿ ಏನಂದಾರು?"

ಗೌಡ ತಲಿ ಮ್ಯಾಲಿನ ರುಮಾಲು ತಗದು ಕಂಕುಳಾಗ ಇಟ್ಕೊಂಡು, ದೀಪ ಆರಿಸ್ರಿ ಅಂದನಂತ.

ಊರೆಲ್ಲಾ ಗವ್ ಅಂತ ಕತ್ತಲಾತು. ಒಲಿ ಹಚ್ಚಲಿಲ್ಲ, ಚುಟ್ಟಾ ಸೇದುವವರೂ ಕಡ್ಡಿ ಗೀರಲಿಲ್ಲ. ಮಿರಗದಾಗ ಹುಟ್ಟಿದವ್ರು ಗೌಡನ ಹಿಂದ ಸಾಲಾಗಿ ಕೈಕಟ್ಟಿ ನಿಂತ್ರು. ಯಮನಪ್ಪ ಕ್ಯಾಮರಾದ ಕಣ್ಣು ತಗದು, ಚುಕ್ಕಿ ಸರದಂಗ ಪೆಟ್ಟಿಗೀನೂ ಕೂದಲೆಳಿಯಷ್ಟ ಸರಿಸ್ಕೋಂತ ನಿಂತ. ಒಂದು ತಾಸು ನಿಂತ ಅಂತಾರ, ಕೋಳಿ ಕೂಗೂತನಕ ನಿಂತ ಅಂತಾನೂ ಅಂತಾರ. ಬೆನ್ನು ಸೆಟದು, ಇಬ್ಬರು ಹಿಡದು ಮನಿಗೆ ಕರಕೊಂಡು ಹೋಗಬೇಕಾತಂತ.

ಪಟ ತೊಳದ್ರ, ಹಿಂಜಿದ ಹತ್ತಿಯಂಗ ಬೆಳ್ಳಗ ಬಂದಿತ್ತು! ಮಾಸ್ತರಗ ಕುಣಿಯೂದೊಂದು ಬಾಕಿ. ಇದು ಇನ್ನಾ ಸಾವಿರಾರು ವರ್ಷ ಹಿಂಗ ಇರ್ತೈತಿ ಯಮನಪ್ಪಾ, ಮುಂದಿನ ವರ್ಷ ಮತ್ತೊಂದು ಹೊಡಿಯೂಣು ಅಂದ. ಯಮನಪ್ಪ ಸೊಂಟಕ್ಕ ಕೈ ಕೊಟ್ಟು, "ಮೊದ್ಲ ಹೇಳಬಾರದೇನ್ರಿ? ಎರಡು ರೊಟ್ಟಿ ತಿಂದು ಬರ್ತಿದ್ದೆ!" ಅಂದನಂತ.

ಮನಿಗೊಂದು ಆ ಪಟ ತೊಳದು ಹಂಚಿ, ಮುಂದ ಯಮನಪ್ಪನೂ ಹೋದ. ಕುರ್ಚಿ ಮ್ಯಾಲ ಕುಂಡ್ರಿಸಿದ್ರು, ಹಾರ ಹಾಕಿದ್ರು, ಸುತ್ತ ಊರ ನಿಂತಿತು. ಆದ್ರ ಕ್ಯಾಮರಾ ಹಿಡಿಯೂದು ಒಬ್ಬರಿಗೂ ಬರ್ತಿದ್ದಿಲ್ಲ.

ಇವತ್ತಿಗೂ ಆ ಊರಿಗೆ ಹೋಗಿ ನೋಡ್ರಿ, ಮನಿ ಮನಿಗೂ ಸತ್ತ ಹಿರ್ಯಾರ ಸಾಲಿನಾಗ ಆ ಬಿಳಿ ಹೊಗಿ ಪಟಕ್ಕೂ ಹಾರ, ಕುಂಕುಮ. ಹೊಸದಾಗಿ ಬಂದ ಸೊಸಿ ಇದ್ಯಾರದ್ರೀ ಅತ್ತಿ ಅಂತ ಕೇಳಿದ್ರ, ನಮ್ಮ ಯಮನಪ್ಪಂದು ಅಂತಾರ. ಮಾರೀನ ಇಲ್ಲಲ್ರಿ ಅಂದ್ರ, ಮುದುಕ್ಯಾರು ಬೆರಳು ಮಾಡಿ ತೋರಸ್ತಾರ: "ಛಂದಂಗ ನೋಡವ್ವಾ, ಮೀಸಿ ಅಗದೀ ಅವಂದ."