ಮುದ್ದೆ ತಿರುವಲು ಟ್ರೈನರ್

ಹೂಂಗುಟ್ಟುವವರು ಯಾರಾದರೂ ಇದ್ದೀರಾ? ಇದ್ದರೆ ಹೇಳುತ್ತೇನೆ. ಸಂತೆಮಾಳದ ಪಕ್ಕದಲ್ಲಿ ಜವರಮ್ಮನ ಮುದ್ದೆ ಹೋಟೆಲು. ಜವರಮ್ಮನಿಗೆ ಒಬ್ಬನೇ ಮಗ, ಮರಿಸ್ವಾಮಿ. ಆಳು ನೋಡಿದರೆ ಬಾಗಿಲು ತುಂಬುವಷ್ಟು. ಬುದ್ಧಿ ಹುಡುಕಬೇಕಾದರೆ ದೀಪ ಹಚ್ಚಬೇಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಜವರಮ್ಮನ ಬಲಹೆಗಲು ಹಿಡಿದುಬಿಟ್ಟಿತ್ತು. ಹಂಡೆಗಟ್ಟಲೆ ಹಿಟ್ಟು ತಿರುವಿ ತಿರುವಿ ಸವೆದ ಹೆಗಲು. ಇನ್ನು ಮಗ ಮುದ್ದೆ ತಿರುವುವ ಕೋಲು ಹಿಡಿಯದಿದ್ದರೆ ಹೋಟೆಲು ಮುಚ್ಚಬೇಕು, ಮುಚ್ಚಿದರೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ. ಮಗನೋ, ಎರಡು ಸುತ್ತು ತಿರುವಿ "ಕೈ ನೋಯ್ತದೆ ಕಣವ್ವ" ಎಂದು ಕೂತುಬಿಡುತ್ತಿದ್ದ.

ದಿನಾ ಉಣ್ಣಲು ಬರುವ ಲೈನ್‌ಮ್ಯಾನ್ ಸಿದ್ದಪ್ಪಾಜಿ ಉಪಾಯ ಹೇಳಿದ. "ಜವರಮ್ಮ, ಮಗನ್ನ ಜಿಮ್ಮಿಗೆ ಸೇರ್ಸಿ. ಸುಮ್ನೆ ಅಲ್ಲ, ಪರ್ಸನಲ್ ಟ್ರೈನರ್ ಹಾಕ್ಸಿ! ಒಬ್ಬ ಶಿಷ್ಯಂಗೆ ಒಬ್ಬ ಗುರು. ತೋಳು ಬತ್ತದೆ, ಶಿಸ್ತು ಬತ್ತದೆ, ಧೈರ್ಯ ಬತ್ತದೆ!"

"ಬುದ್ಧಿ ಬತ್ತದಾ?" ಎಂದಳು ಜವರಮ್ಮ.

"ಅದುಕ್ಕೆ ಬೇರೆ ಟ್ರೈನರು."

ಬುದ್ಧಿಮಾತು ಊರಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಬಿಗಿ ಬನಿಯನ್ ಹಾಕಿಕೊಂಡು, ಮಗ್ಗುಲಲ್ಲೇ ನಿಂತು ಹೇಳಿದರೆ ಅದರ ತೂಕವೇ ಬೇರೆ. ಜವರಮ್ಮ ಮಗನನ್ನು ಟ್ರೈನರ್ ಲೋಹಿತ್ ಸಾರ್ ಕೈಗೊಪ್ಪಿಸಿದಳು.

ಮೊದಲ ದಿನ ಲೋಹಿತ್ ಸಾರ್ ಅವನನ್ನು ಗೋಡೆಯಗಲದ ಕನ್ನಡಿ ಮುಂದೆ ನಿಲ್ಲಿಸಿದರು. "ಏನೇ ಮಾಡು, ಕನ್ನಡಿ ನೋಡ್ಕೊಂಡು ಮಾಡು. ಕಣ್ಣು ಆಚೀಚೆ ಹೋಗ್ಬಾರ್ದು!"

"ಆಯ್ತು ಸಾರ್!"

ಹೋಟೆಲಿಗೆ ಬಂದ. ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಗೋಡೆಗೆ ಕನ್ನಡಿ ನೇತುಹಾಕಿದ, ತನ್ನ ಮುಖವನ್ನೇ ನೋಡಿಕೊಂಡು ಕೋಲಾಡಿಸಿದ. ಕೋಲು ಹಂಡೆ ಬಿಟ್ಟು ಒಲೆಗಿಳಿಯಿತು. ಬೂದಿ ತಿರುವಿದ, ಕೆಂಡ ತಿರುವಿದ. ಹಿಟ್ಟು ತಳ ಹಿಡಿದು ಗಂಟುಗಂಟಾಯಿತು.

"ಮೂತಿ ನೋಡ್ಕೊಂಡು ಹಿಟ್ಟು ತಿರುವ್ತಾರೇನ್ಲಾ! ಗಂಟು ಕಂಡ್ರೆ ಬುಡಬ್ಯಾಡ ಕಣ್ಲಾ, ಕೋಲಲ್ಲಿ ಒತ್ತಿ ಮುರುದಾಕು!"

"ಆಯ್ತು ಕಣವ್ವ!"

ಮಾರನೇ ದಿನ ಲೋಹಿತ್ ಸಾರ್ ತೋಳು ಮಡಚಿ, ಉಬ್ಬಿಸಿ ತೋರಿಸಿದರು. "ನೋಡು, ಹಿಂಗೆ ಬರ್ಬೇಕು." ಮರಿಸ್ವಾಮಿ ನೋಡಿದ. ಅಯ್ಯಯ್ಯೋ, ತೆಂಗಿನಕಾಯಿ ಗಾತ್ರದ ಗಂಟು! ಪಕ್ಕದಲ್ಲಿದ್ದ ಕಬ್ಬಿಣದ ಸರಳು ತೆಗೆದುಕೊಂಡು ಒತ್ತಿದ. ಮುರಿಯಲಿಲ್ಲ. ಮೈಭಾರವೆಲ್ಲ ಹಾಕಿ ಒತ್ತಿದ.

"ಅಮ್ಮಾ!" ಎಂದರು ಲೋಹಿತ್ ಸಾರ್. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ಜಿಮ್ಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಲೇ ದಡ್ಡ! ಕಷ್ಟಪಡೋರ ಮೈ ಮುಟ್ಬಾರ್ದು! ಯಾರಾದ್ರೂ ಭಾರ ಎತ್ತಿದ್ರೆ ಪಕ್ಕದಲ್ಲಿ ನಿಂತು ಹುರುಪು ತುಂಬು. ‘ಸೂಪರ್! ಇನ್ನೊಂದು! ಇನ್ನೊಂದು!’ ಅನ್ನು!"

"ಆಯ್ತು ಸಾರ್!"

ವಾಪಸು ಬರುವ ದಾರಿಯಲ್ಲಿ ನಾಲ್ವರು ಭಾರ ಹೊತ್ತು ಬರುತ್ತಿದ್ದರು. ಮುಂದೆ ತಮಟೆ, ಹಿಂದೆ ಅಳು. ಗಿರಣಿ ಕಾಳಯ್ಯನ ಅಪ್ಪ ತೀರಿಕೊಂಡಿದ್ದರು. ಮರಿಸ್ವಾಮಿ ಓಡಿಹೋಗಿ ಚಟ್ಟದ ಪಕ್ಕ ನಿಂತು ಕೂಗಿದ: "ಸೂಪರ್ ಅಣ್ಣ! ಇನ್ನೊಂದು! ಇನ್ನೊಂದು!"

ತಮಟೆ ನಿಂತಿತು. ತಮಟೆಗೆ ಬೀಳಬೇಕಾದ ಏಟೆಲ್ಲ ಮರಿಸ್ವಾಮಿಗೆ ಬಿತ್ತು. ಜವರಮ್ಮ ಹೋಗಿ ಆ ಮನೆಯವರ ಕಾಲು ಹಿಡಿದು ಬಂದಳು. ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

"ಹೆಣ ಕಂಡ್ರೆ ಹಂಗಾ ಅನ್ನೋದು, ಬಡ್ಡೈದ್ನೇ! ಮಲಗಿರೋರ ಮ್ಯಾಲೆ ಹೂವಾಕಿ, ಕಣ್ಣೀರಾಕಿ, ಹೆಗಲು ಕೊಡ್ಬೇಕು ಕಣ್ಲಾ!"

"ಆಯ್ತು ಕಣವ್ವ!"

ಮರುದಿನ ಜಿಮ್ಮಿನಲ್ಲಿ ಕಂಟ್ರಾಕ್ಟರ್ ನಟೇಶಪ್ಪನವರು ಬೆವರಿಳಿಸಿ, ಸುಸ್ತಾಗಿ, ಚಾಪೆಯ ಮೇಲೆ ಅಂಗಾತ ಬಿದ್ದು ಕಣ್ಣುಮುಚ್ಚಿದ್ದರು. ಮರಿಸ್ವಾಮಿ ದೇವರ ಪಟದ ಚೆಂಡುಹೂ ಕಿತ್ತು ಅವರ ಎದೆಗೆ ಹಾಕಿದ. "ಇಷ್ಟ್ ಬೇಗ ಹೊಂಟೋದ್ರಲ್ಲಾ ಸಾಮೀ!" ಎಂದು ಗೊಳೋ ಅಂದ. ಎತ್ತಿ ಹೆಗಲಿಗೆ ಹಾಕಿಕೊಂಡು ಸ್ಮಶಾನದ ದಾರಿ ಹಿಡಿದೇಬಿಟ್ಟ. ಹಿಟ್ಟು ತಿರುವಲಾಗದ ತೋಳಿಗೆ ಕಂಟ್ರಾಕ್ಟರು ಮಾತ್ರ ಹೂವಿನಷ್ಟು ಹಗುರ, ನೋಡಿ!

ನಟೇಶಪ್ಪನವರು ಅರ್ಧ ದಾರಿಯಲ್ಲಿ ಎಚ್ಚೆತ್ತು ಬೊಬ್ಬೆ ಹಾಕಿ ಇಳಿದರು. ಮತ್ತೆ ಜಿಮ್ಮಿನ ಕಡೆ ತಲೆ ಹಾಕಲಿಲ್ಲ.

ಲೋಹಿತ್ ಸಾರ್ ತಲೆ ಚಚ್ಚಿಕೊಂಡರು. "ಯಾರ ಮಾತೂ ಕೇಳ್ಬೇಡ ನೀನು! ನಾನು ಏನ್ ಮಾಡ್ತೀನೋ ಅದನ್ನ ನೋಡು. ಹಂಗೇ ಮಾಡು. ಅಷ್ಟೇ!"

"ಆಯ್ತು ಸಾರ್!"

ಮರಿಸ್ವಾಮಿ ಅಂದೆಲ್ಲ ಕಣ್ಣುಬಿಟ್ಟು ನೋಡಿದ. ಜನ ಭಾರ ಎತ್ತುತ್ತಿದ್ದರು, ಸಾರ್ ಕೈಕಟ್ಟಿ ನಿಂತಿದ್ದರು. ಜನ ಏದುಸಿರು ಬಿಡುತ್ತಿದ್ದರು, ಸಾರ್ ಫೋನು ನೋಡುತ್ತಿದ್ದರು. ನಡುನಡುವೆ "ಬೆನ್ನು ನೆಟ್ಟಗೆ! ಕೈ ಇನ್ನೂ ಮೇಲೆ!" ಅನ್ನುತ್ತಿದ್ದರು. ಜನ ಹೊರಡುವಾಗ ಬೆನ್ನು ತಟ್ಟಿ, "ಇವತ್ತು ಕೈ ಆಯ್ತು, ನಾಳೆ ಕಾಲು" ಎನ್ನುತ್ತಿದ್ದರು. ಪರ್ಸನಲ್ ಟ್ರೈನಿಂಗಿನ ಸಾರವೆಲ್ಲ ಅವನಿಗೆ ಒಂದೇ ದಿನದಲ್ಲಿ ತಲೆಗೆ ಹತ್ತಿತು. ಅದು ಹತ್ತದ ತಲೆ ಯಾವುದಿದೆ ಹೇಳಿ!

ಮರುದಿನ ಸಂತೆ. ಹೊರಗೆ ಬೆಂಚಿನ ತುಂಬ ಹಸಿದ ಜನ ತಟ್ಟೆ ಬಡಿಯುತ್ತಿದ್ದಾರೆ. ಒಳಗೆ ಜವರಮ್ಮನ ಕೈ ಮೇಲೇಳುತ್ತಿಲ್ಲ.

"ಬಾ ನನ್ನಪ್ಪ," ಎಂದು ಬೇಡಿಕೊಂಡಳು. "ಇವತ್ತು ಹೋಟ್ಲು ಉಳಿಯೋದು ನಿನ್ನ ಕೈಲದೆ. ಕೋಲು ಹಿಡಿ ಮಗ."

ಮರಿಸ್ವಾಮಿ ಬಂದ. ಅವ್ವನ ಫೋನು ತೆಗೆದುಕೊಂಡ, ಕೈಕಟ್ಟಿ ನಿಂತ.

"ಕೋಲು ಹಿಡೀಲಾ!"

"ನೀನು ಹಿಡಿಯವ್ವ. ಬೆನ್ನು ನೆಟ್ಟಗೆ!"

ಬೇರೆ ದಾರಿ ಕಾಣದೆ ಅವಳೇ ತಿರುವಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಮಗ ಫೋನಿನಿಂದ ತಲೆ ಎತ್ತದೆ, "ಕೈ ಇನ್ನೂ ಮೇಲೆ!" ಎಂದ.

ತಾಯಿಯೇ ಆದರೂ ತಾಳ್ಮೆಗೆ ಒಂದು ತಳ ಇರುತ್ತದೆ. ಹಂಡೆಯಿಂದ ಕೋಲು ಕಿತ್ತು ಒಂದು ಬಿಟ್ಟಳು. "ನನ್ನೊಟ್ಟೇಲಿ ಯಾಕ್ ಹುಟ್ದ್ಯೋ!"

"ಇನ್ನೂ ಮೇಲೆ ಅವ್ವ!"

ಮತ್ತೊಂದು ಬಿಟ್ಟಳು.

"ಸಾಲ್ದು ಕಣವ್ವ, ಇನ್ನೂ ಮೇಲೆ!"

ಸಿಟ್ಟಿಗೆ ಹೆಗಲಿನ ನೆನಪೆಲ್ಲಿ? ಕೋಲು ತೊಲೆ ಮುಟ್ಟಿ ಬಂತು. ಅದೇ ಸಿಟ್ಟಿನಲ್ಲಿ ತಿರುಗಿ ಹಂಡೆಗೆ ಕೋಲು ಹಾಕಿದಳು, ಹಿಟ್ಟೆಲ್ಲ ತಿರುವಿ ಮುಗಿಸಿದಳು. ಸಂತೆಯ ಜನ ಉಂಡು ತೇಗಿದರು. ಹೋಟೆಲೇನೋ ಉಳಿಯಿತು.

ಜವರಮ್ಮ ಹೆಗಲು ಹಿಡಿದುಕೊಂಡು ಒಲೆಯ ಪಕ್ಕ ಕುಸಿದು ಕೂತಳು. ಮೈತುಂಬ ಬಾಸುಂಡೆ ಎದ್ದ ಮರಿಸ್ವಾಮಿ ಹತ್ತಿರ ಬಂದು, ಅವಳ ಬೆನ್ನು ತಟ್ಟಿದ.

"ಇವತ್ತು ಕೈ ಆಯ್ತು ಕಣವ್ವ. ನಾಳೆ ಕಾಲು."